ಆರು ಜನ ಸೇರಿ ಒಂದೇ ನಮೂನೆಯ ಸ್ವೆಟರ್ ಹೆಣೆಯಬೇಕೆಂದಿದ್ದೇವೆ, ಅನುಭವ ಇದ್ದವರು ಹೇಳಿ

ಸಿಂಧನೂರಿನಿಂದ ಪ್ರಶ್ನೆ

ಅಕ್ಕಂದಿರಿಗೆ ನಮಸ್ಕಾರ. ನಾವು ಆರು ಜನ ಗೆಳತಿಯರು. ಮೂವರು ಸಿಂಧನೂರಿನಲ್ಲಿದ್ದೇವೆ, ಇಬ್ಬರು ಗಂಗಾವತಿಯಲ್ಲಿ, ಒಬ್ಬಳು ಮದುವೆಯಾಗಿ ಪುಣೆಗೆ ಹೋಗಿದ್ದಾಳೆ. ಮೊಬೈಲ್‌ನಲ್ಲಿ ಒಂದು ಗುಂಪು ಮಾಡಿಕೊಂಡು, ನಾಲ್ಕೈದು ವರ್ಷದ ಮಕ್ಕಳಿಗೆ ತೋಳಿಲ್ಲದ ಸ್ವೆಟರ್ ಹೆಣೆಯೋಣ ಎಂದು ಮಾತಾಡಿಕೊಂಡಿದ್ದೇವೆ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಮಕ್ಕಳು ಅದನ್ನೇ ತೊಟ್ಟು ಬರಬೇಕೆಂಬುದು ನಮ್ಮ ಆಸೆ. ಎಲ್ಲರಿಗೂ ಸೀದಾ, ಉಲ್ಟಾ ಹೆಣಿಗೆ ಬರುತ್ತದೆ. ಮಫ್ಲರ್ ಬಿಟ್ಟರೆ ಬೇರೆ ಏನನ್ನೂ ಮುಗಿಸಿದವರಲ್ಲ. ಯಾವ ನೂಲು ತರಬೇಕು? ಬೇರೆ ಬೇರೆ ಊರಿನಲ್ಲಿ ಕುಳಿತು ಒಟ್ಟಿಗೆ ಸಾಗುವುದು ಹೇಗೆ? ಒಬ್ಬರು ಬೆನ್ನು, ಒಬ್ಬರು ಎದೆ ಎಂದು ಹಂಚಿಕೊಂಡರೆ ಬೇಗ ಮುಗಿಯುತ್ತದೆಯೇ? "ಈ ಊರಿನ ಬಿಸಿಲಿಗೆ ಸ್ವೆಟರ್ ಏಕೆ?" ಎಂದು ಮನೆಯಲ್ಲಿ ಕೇಳುತ್ತಿದ್ದಾರೆ. ಅದಕ್ಕೂ ಉತ್ತರ ಬೇಕು.

ಬಳ್ಳಾರಿಯಿಂದ

ತಂಗಿ, ಕೊನೆಯಿಂದ ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ, ಏಕೆಂದರೆ ನಾವು ಕೈ ಸುಟ್ಟುಕೊಂಡಿದ್ದು ಅಲ್ಲಿಯೇ. ಒಂದು ಸ್ವೆಟರನ್ನು ಹಂಚಿಕೊಂಡು ಹೆಣೆಯಬೇಡಿ. ನಾವು ಹದಿನಾಲ್ಕು ಜನ ನಾಲ್ಕು ವರ್ಷದಿಂದ ಹೀಗೆ ದೂರದಲ್ಲಿದ್ದುಕೊಂಡೇ ಹೆಣೆಯುತ್ತಿದ್ದೇವೆ. ಮೊದಲ ಸಲ ನಾನು ಬೆನ್ನು ಹೆಣೆದೆ, ಹೊಸಪೇಟೆಯ ಗೆಳತಿ ಎದೆ ಹೆಣೆದಳು. ನೂಲು ಒಂದೇ, ಕಡ್ಡಿ ಒಂದೇ, ಕುಣಿಕೆಗಳ ಲೆಕ್ಕವೂ ಒಂದೇ. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ ಅವಳದು ನನ್ನದಕ್ಕಿಂತ ಒಂದೂವರೆ ಇಂಚು ಅಗಲ! ನಾನು ನೂಲನ್ನು ಬಿಗಿಯಾಗಿ ಎಳೆಯುವವಳು, ಅವಳ ಕೈ ಸಡಿಲ. ಅಕ್ಷರದ ಹಾಗೆಯೇ ಇದು, ಒಬ್ಬರದು ಇನ್ನೊಬ್ಬರಿಗೆ ಬರುವುದಿಲ್ಲ. ಎರಡನ್ನೂ ಬಿಚ್ಚಿ ಉಂಡೆ ಸುತ್ತಿದೆವು.

ಹಲವರು ಸೇರಿ ಒಂದೇ ವಸ್ತು ಮಾಡಲೇಬೇಕೆಂದರೆ ಹೊದಿಕೆ ಮಾಡಿ. ಎಲ್ಲರೂ ಒಂದೇ ಅಳತೆಯ ಚೌಕ ಹೆಣೆದು ಕಳುಹಿಸಿದರೆ ಒಬ್ಬರು ಕೂಡಿಸಬಹುದು, ಕಾಲು ಇಂಚು ಹೆಚ್ಚುಕಡಿಮೆಯಾದರೂ ಅಂಚಿನಲ್ಲಿ ಹೊಂದಿಸಬಹುದು. ಅಂತರ್ಜಾಲದಲ್ಲಿ ಒಂದಾದ ಕ್ರೋಶಾ ಹೆಣ್ಣುಮಕ್ಕಳ ಗುಂಪು "ಮದರ್ ಇಂಡಿಯಾಸ್ ಕ್ರೋಶೇ ಕ್ವೀನ್ಸ್" 2016ರ ಜನವರಿಯಲ್ಲಿ ಚೆನ್ನೈನಲ್ಲಿ ಹೀಗೆಯೇ 11 ಸಾವಿರ ಚದರ ಮೀಟರ್ ಮೀರಿದ ಹೊದಿಕೆಯನ್ನು ಜೋಡಿಸಿ ಗಿನ್ನೆಸ್ ದಾಖಲೆ ಬರೆಯಿತು. ಆದರೆ ಮೈಮೇಲೆ ಹಾಕುವ ಬಟ್ಟೆಯನ್ನು ಆದಿಯಿಂದ ಅಂತ್ಯದವರೆಗೆ ಒಂದೇ ಕೈ ಹೆಣೆಯಬೇಕು. ಆರು ಜನ, ಆರು ಸ್ವೆಟರ್, ಹಾಗೆ ಇಟ್ಟುಕೊಳ್ಳಿ.

ಇನ್ನು ಕಡ್ಡಿಯ ವಿಷಯ. ನಮ್ಮ ಅಂಗಡಿಗಳಲ್ಲಿ ಸಿಗುವ ಕಡ್ಡಿಗಳಿಗೆ ಹಳೆಯ ಬ್ರಿಟಿಷ್ ನಂಬರ್ ಇರುತ್ತದೆ. ಅದರಲ್ಲಿ ನಂಬರ್ ಹೆಚ್ಚಾದಷ್ಟೂ ಕಡ್ಡಿ ತೆಳುವಾಗುತ್ತದೆ: 8 ಎಂದರೆ 4 ಮಿಲಿಮೀಟರ್, 10 ಎಂದರೆ ಮೂರೂಕಾಲು. ಅಮೆರಿಕದ ನಂಬರ್ ಇದಕ್ಕೆ ತಿರುಗಾಮುರುಗಾ. ಅಲ್ಲಿ 4 ಮಿಲಿಮೀಟರ್ ಕಡ್ಡಿಗೆ 6 ಎನ್ನುತ್ತಾರೆ. ನಮ್ಮ ಗುಂಪಿನಲ್ಲಿ ಅಮೆರಿಕದ ನಮೂನೆ ಹಿಡಿದ ಇಬ್ಬರು ಅಂಗಡಿಗೆ ಹೋಗಿ "6 ಕೊಡಿ" ಎಂದು ಕೇಳಿ 5 ಮಿಲಿಮೀಟರ್ ಕಡ್ಡಿ ತಂದರು. ಅವರ ಸ್ವೆಟರ್ ಮೀನು ಹಿಡಿಯುವ ಬಲೆಯಂತೆ ಆಯಿತು, ಪಾಪ, ಮೂರು ವಾರದ ಕೆಲಸ. ಅಂದಿನಿಂದ ಗುಂಪಿನಲ್ಲಿ ಯಾರೂ ನಂಬರ್ ಹೇಳುವುದಿಲ್ಲ, ಮಿಲಿಮೀಟರ್ ಮಾತ್ರ ಹೇಳುತ್ತೇವೆ. ಕ್ರೋಶಾ ಮಾಡುವವರಿಗೂ ಇದೇ ತೊಡಕು: ಅಮೆರಿಕದವರು ಸಿಂಗಲ್ ಕ್ರೋಶೇ ಎನ್ನುವುದನ್ನು ಬ್ರಿಟನ್ನಿನವರು ಡಬಲ್ ಕ್ರೋಶೇ ಎನ್ನುತ್ತಾರೆ. ನಮೂನೆ ಯಾವ ದೇಶದ್ದೆಂದು ಮೊದಲು ಕೇಳಿಕೊಳ್ಳಿ.

ಮುಖ್ಯವಾದದ್ದು ಮಾದರಿ ತುಂಡು. ಇದನ್ನು ಯಾರೂ ಮಾಡಲು ಒಪ್ಪುವುದಿಲ್ಲ, ಎಲ್ಲರಿಗೂ ಸ್ವೆಟರನ್ನೇ ಶುರುಮಾಡುವ ಆತುರ. ಬಿಡಬೇಡಿ. 32 ಕುಣಿಕೆ ಹಾಕಿ, ಐದಾರು ಇಂಚು ಉದ್ದ ಹೆಣೆಯಿರಿ. ಸ್ವೆಟರನ್ನು ಹೇಗೆ ಒಗೆಯುತ್ತೀರೋ ಹಾಗೆಯೇ ಅದನ್ನು ಒಗೆದು ಒಣಗಿಸಿ. ಆಮೇಲೆ ಅಂಚು ಬಿಟ್ಟು, ನಡುವಿನ ನಾಲ್ಕು ಇಂಚಿನಲ್ಲಿ ಎಷ್ಟು ಕುಣಿಕೆ ಇವೆ ಎಂದು ಎಣಿಸಿ.

ಎರಡು ಕುಣಿಕೆ ಹೆಚ್ಚಾದರೆ ಏನಾಗುತ್ತದೆ ಎಂದು ಕೇಳುವಿರಿ, ನಾನೂ ಕೇಳಿದ್ದೆ. ಲೆಕ್ಕ ನೋಡಿ. ನಮೂನೆಯಲ್ಲಿ ನಾಲ್ಕು ಇಂಚಿಗೆ 22 ಕುಣಿಕೆ ಎಂದಿದೆ, ಅಂದರೆ ಇಂಚಿಗೆ ಐದೂವರೆ. ಮಗುವಿನ ಎದೆ 23 ಇಂಚು. ಅಂಗಿಯ ಮೇಲೆ ಹಾಕುವುದರಿಂದ ಮೂರು ಇಂಚು ಸಡಿಲ ಬಿಟ್ಟು 26 ಇಂಚಿನ ಸುತ್ತಳತೆಗೆ 143 ಕುಣಿಕೆ ಹಾಕುತ್ತೀರಿ. ನಿಮ್ಮ ಕೈಯಲ್ಲಿ 24 ಬರುತ್ತಿದ್ದರೆ ಇಂಚಿಗೆ ಆರಾಯಿತು. ಅದೇ 143 ಕುಣಿಕೆಯಲ್ಲಿ ನಿಮಗೆ ಸಿಗುವುದು 24 ಇಂಚಿಗೂ ಚೂರು ಕಡಿಮೆ. ಬಿಟ್ಟಿದ್ದ ಸಡಿಲವೆಲ್ಲ ಹೋಗಿ ಸ್ವೆಟರ್ ಮೈಗೆ ಅಂಟಿಕೊಳ್ಳುತ್ತದೆ, ಮಗು ತೊಡಲು ಒಲ್ಲೆ ಎಂದು ಅಳುತ್ತದೆ. ಒಂದು ತುಂಡು ಹೆಣೆಯುವ ಒಂದು ಸಂಜೆಗೆ ಹಿಂಜರಿದು ಎರಡು ತಿಂಗಳನ್ನು ಕಳೆದುಕೊಳ್ಳಬೇಡಿ.

ಒಟ್ಟಿಗೆ ಸಾಗುವ ಬಗ್ಗೆ: ನಾವು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಫೋಟೊ ಕಳುಹಿಸುತ್ತೇವೆ, ಮತ್ತು ಒಳಮೈಯ ಫೋಟೊ ಇಲ್ಲದಿದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಈ ನಿಯಮ ನನ್ನ ಅಜ್ಜಿಯದು. ಅಜ್ಜಿ ಕಸೂತಿ ಹಾಕುತ್ತಿದ್ದರು. ಗವಂತಿ, ಮುರ್ಗಿ ಹೊಲಿಗೆಯಲ್ಲಿ ಬಟ್ಟೆಯ ಎರಡೂ ಮೈ ಒಂದೇ ಸಮ ಕಾಣಬೇಕು, ಗಂಟು ಇರಬಾರದು. ಯಾರಾದರೂ ಸೆರಗು ತಂದು ತೋರಿಸಿದರೆ ಅಜ್ಜಿ ಮೊದಲು ಅದನ್ನು ಮಗುಚಿ ನೋಡುತ್ತಿದ್ದರು. ಹೆಣಿಗೆಯಲ್ಲೂ ಮೇಲ್ಮೈ ಎಷ್ಟೋ ಮುಚ್ಚಿಡುತ್ತದೆ. ಜಾರಿದ ಕುಣಿಕೆ, ನಡುವೆ ಕಟ್ಟಿದ ಗಂಟು, ತಪ್ಪಿ ಹಾಕಿದ ಉಲ್ಟಾ ಸಾಲು ಒಳಗಡೆಯೇ ಕಣ್ಣಿಗೆ ಬೀಳುತ್ತವೆ.

ಹೋದ ವರ್ಷ ಸಂಡೂರಿನ ಗೆಳತಿ ಕಳುಹಿಸಿದ ಫೋಟೊದಲ್ಲಿ ಒಂದು ಕುಣಿಕೆ ಏಳು ಸಾಲು ಕೆಳಗೆ ಜಾರಿ ಕುಳಿತಿತ್ತು. ಅದರ ಮೇಲೆ ಏಣಿಯ ಮೆಟ್ಟಿಲಿನ ಹಾಗೆ ಅಡ್ಡ ಎಳೆಗಳು. ಅವಳು ಎಲ್ಲವನ್ನೂ ಬಿಚ್ಚಲು ಹೊರಟಿದ್ದಳು. ಒಬ್ಬರು ವಿಡಿಯೊ ಕರೆ ಮಾಡಿ ಕ್ರೋಶಾ ಕಡ್ಡಿ ತರಿಸಿದರು. ಕೆಳಗಿನ ಕುಣಿಕೆಗೆ ಕೊಕ್ಕೆ ತೂರಿಸಿ, ಮೊದಲ ಮೆಟ್ಟಿಲಿನ ಎಳೆಯನ್ನು ಅದರೊಳಗಿಂದ ಎಳೆದು, ಅದೇ ಹೊಸ ಕುಣಿಕೆಯಾದ ಮೇಲೆ ಮುಂದಿನ ಮೆಟ್ಟಿಲು. ಹೀಗೆ ಏಳು ಸಲ. ಹತ್ತು ನಿಮಿಷದಲ್ಲಿ ಕುಣಿಕೆ ಕಡ್ಡಿಯ ಮೇಲೆ ವಾಪಸ್ ಬಂದಿತು. ಅವಳ ಉಸಿರು ಫೋನಿನಲ್ಲಿ ನಮಗೆಲ್ಲ ಕೇಳಿಸುತ್ತಿತ್ತು.

ಕಂಕುಳ ಭಾಗ ಶುರುಮಾಡುವ ಮೊದಲು ಒಂದು ಕೆಲಸ ಮಾಡಿ. ಬೇರೆ ಬಣ್ಣದ ನುಣುಪಾದ ಹೊಲಿಗೆ ದಾರವನ್ನು ಮೊಂಡು ಮೂತಿಯ ಸೂಜಿಗೆ ಪೋಣಿಸಿ, ಕಡ್ಡಿಯ ಮೇಲಿರುವ ಎಲ್ಲ ಕುಣಿಕೆಗಳ ಒಳಗೆ ಹಾಯಿಸಿ ಹಾಗೆಯೇ ಬಿಡಿ. ಮುಂದೆ ಲೆಕ್ಕ ತಪ್ಪಿದರೆ ಧೈರ್ಯವಾಗಿ ಬಿಚ್ಚಬಹುದು, ಬಿಚ್ಚಿಕೊಂಡು ಬಂದದ್ದು ಆ ದಾರದ ಹತ್ತಿರ ನಿಲ್ಲುತ್ತದೆ.

ದುಡ್ಡು ಕೊಟ್ಟು ಕೊಂಡ ನಮೂನೆಯ ಫೋಟೊ ತೆಗೆದು ಗುಂಪಿಗೆ ಹಾಕಬೇಡಿ. ಅದನ್ನು ರಚಿಸಿದವಳೂ ನಮ್ಮಂತೆ ಕಡ್ಡಿ ಹಿಡಿದು ಕುಳಿತವಳು. ಉಚಿತ ನಮೂನೆಗಳು ಬೇಕಾದಷ್ಟಿವೆ. 2007ರಲ್ಲಿ ಶುರುವಾದ ರಾವೆಲ್ರಿ ಎಂಬ ತಾಣದಲ್ಲಿ ನೂಲಿನ ದಪ್ಪ, ವಯಸ್ಸು ಹೇಳಿ ಹುಡುಕಬಹುದು.

ರಾಯಚೂರಿನಿಂದ

ಬಿಸಿಲಿನ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ, ಆ ಬಿಸಿಲಿನಲ್ಲೇ ಬೆಳೆದವಳು. ನಮ್ಮಲ್ಲಿ ಮೇ ತಿಂಗಳಿನಲ್ಲಿ 40 ಡಿಗ್ರಿ ದಾಟುತ್ತದೆ, ನಿಜ. ಆದರೆ ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಶಾಲೆಗೆ ಹೊರಟ ಮಕ್ಕಳನ್ನು ನೋಡಿ, ಕೈ ಕಟ್ಟಿಕೊಂಡೇ ಬಸ್ಸಿಗೆ ಕಾಯುತ್ತಿರುತ್ತಾರೆ. ಬೆಳಗ್ಗೆ ಎರಡು ತಾಸಿನ ಮಟ್ಟಿಗೆ ಸ್ವೆಟರ್ ಬೇಕು, ಹತ್ತು ಗಂಟೆಗೆ ತೆಗೆಯಬೇಕು. ಅದಕ್ಕೆ ತೋಳಿಲ್ಲದ, ಮುಂದೆ ಗುಂಡಿಯಿರುವ ಹತ್ತಿ ನೂಲಿನ ಸ್ವೆಟರ್ ಸರಿಯಾದದ್ದು. ಅಕ್ರಿಲಿಕ್ ಅಗ್ಗ, ಬಣ್ಣವೂ ಚೆಂದ, ಆದರೆ ಬೆವರು ಹೀರುವುದಿಲ್ಲ. ನನ್ನ ಮಗಳಿಗೆ ಕುತ್ತಿಗೆಯ ಸುತ್ತ ಬೆವರುಗುಳ್ಳೆ ಎದ್ದಿದ್ದವು.

ಸುತ್ತಲೂ ಹತ್ತಿ ಬೆಳೆಯುವ ನಾಡು ನಮ್ಮದು, ಆದರೂ ಹತ್ತಿ ನೂಲಿನ ಗುಣವನ್ನು ನಾನು ಕಡ್ಡಿ ಹಿಡಿದ ಮೇಲೆಯೇ ಕಲಿತೆ. ಉಣ್ಣೆಯನ್ನು ಎಳೆದು ಬಿಟ್ಟರೆ ಅದು ಮತ್ತೆ ತನ್ನ ಜಾಗಕ್ಕೆ ಬರುತ್ತದೆ, ಹತ್ತಿ ಬರುವುದಿಲ್ಲ. ಕೆಳಗಿನ ಪಟ್ಟಿಯನ್ನು ಉಳಿದ ಭಾಗಕ್ಕಿಂತ ಸಣ್ಣ ಕಡ್ಡಿಯಲ್ಲಿ ಹೆಣೆಯಿರಿ, ಇಲ್ಲದಿದ್ದರೆ ಜೋಲುಬೀಳುತ್ತದೆ. ಹತ್ತಿ ಭಾರ, ತನ್ನ ಭಾರಕ್ಕೆ ತಾನೇ ಉದ್ದವಾಗುತ್ತದೆ. ಮಾದರಿ ತುಂಡನ್ನು ಒಂದು ರಾತ್ರಿ ಕ್ಲಿಪ್ ಹಾಕಿ ತೂಗುಬಿಟ್ಟು ಆಮೇಲೆ ಉದ್ದ ಅಳೆಯಿರಿ. ಕೊಳ್ಳುವಾಗಲೂ ಗ್ರಾಂ ನೋಡಬೇಡಿ, ಚೀಟಿಯಲ್ಲಿ ಮೀಟರ್ ಎಷ್ಟಿದೆ ನೋಡಿ. ಅಷ್ಟೇ ತೂಕದ ಅಕ್ರಿಲಿಕ್ಕಿಗಿಂತ ಹತ್ತಿಯಲ್ಲಿ ಉದ್ದ ಕಡಿಮೆ ಸಿಗುತ್ತದೆ. ಅದೇ ಚೀಟಿಯಲ್ಲಿ ಬಣ್ಣದ ಲಾಟ್ ನಂಬರ್ ಇರುತ್ತದೆ, ಅಂದರೆ ಒಂದೇ ಸಲ ಬಣ್ಣ ಹಾಕಿದ ನೂಲಿನ ಗುರುತು. ಒಂದು ಸ್ವೆಟರಿಗೆ ಬೇಕಾದ ಉಂಡೆಗಳೆಲ್ಲ ಒಂದೇ ಲಾಟ್ ಆಗಿರಲಿ. ಸಾಲದೆ ಆಮೇಲೆ ತಂದ ಒಂದು ಉಂಡೆಯಿಂದ ನನ್ನ ಮಗನ ಸ್ವೆಟರಿನಲ್ಲಿ ಎದೆಯ ಮೇಲೆ ಅಡ್ಡಗೆರೆ ಎಳೆದಂತಾಯಿತು, ಅಂಗಡಿಯ ದೀಪದ ಕೆಳಗೆ ಎರಡೂ ಒಂದೇ ಹಳದಿಯಾಗಿದ್ದವು.

ಒಗೆದ ಮೇಲೆ ತಂತಿಯ ಮೇಲೆ ಹಾಕಬೇಡಿ. ಟವೆಲಿನಲ್ಲಿ ಸುತ್ತಿ ನೀರು ಹಿಂಡಿ, ಹೊರಸಿನ ಮೇಲೆ ತೆಳುವಾದ ಬಟ್ಟೆ ಹಾಸಿ, ಅಳತೆಗೆ ಸರಿಯಾಗಿ ಹರಡಿ ನೆರಳಿನಲ್ಲಿ ಇಡಿ. ಹೊರಸಿಗೆ ಕೆಳಗಿನಿಂದಲೂ ಗಾಳಿ ಆಡುತ್ತದೆ.

ಪುಟ್ಟ ಕೂಸುಗಳಿಗೆ ಕುಲಾವಿ ಹೆಣೆಯುವವರು ಗಮನಿಸಿ: ಗುಂಡಿ, ಮಣಿ, ಉದ್ದದ ಲಾಡಿ ಬೇಡ, ಕೂಸು ಬಾಯಿಗೆ ಹಾಕಿಕೊಳ್ಳುತ್ತದೆ. ಬೆರಳು ಸಿಕ್ಕುವಷ್ಟು ದೊಡ್ಡ ತೂತುಗಳ ವಿನ್ಯಾಸವೂ ಬೇಡ.

ಕೊಪ್ಪಳದಿಂದ

ನನಗೆ ಅರವತ್ತು ದಾಟಿದೆ, ಗುಂಪಿನ ಫೋಟೊಗಳನ್ನು ಸೊಸೆ ತೋರಿಸುತ್ತಾಳೆ. ಒಂದೆರಡು ಮಾತು.

ಕಂಬಳಿಯ ನೂಲಿನಿಂದ ಸ್ವೆಟರ್ ಮಾಡಬಹುದೇ ಎಂದು ಕೆಲವರು ಕೇಳುತ್ತಾರೆ. ನಾನು ಮಾಡಿ ನೋಡಿದ್ದೇನೆ. ನಮ್ಮ ಕಡೆಯ ದಖ್ಖನಿ ಕುರಿಯ ಉಣ್ಣೆ ಒರಟು. ಅದು ನೆಯ್ದು, ಹುಣಸೆ ಬೀಜದ ಸರಿ ಹಚ್ಚಿ ಕಂಬಳಿಯಾದರೆ ಮಳೆಗೂ ಛಳಿಗೂ ಒದಗುತ್ತದೆ, ಮಗುವಿನ ಕೊರಳಿಗೆ ಚುಚ್ಚುತ್ತದೆ. ನಾನು ಹೆಣೆದದ್ದು ಕೊನೆಗೆ ಕೂರುವ ಆಸನವಾಯಿತು, ಹದಿನೈದು ವರ್ಷವಾದರೂ ಗಟ್ಟಿಯಾಗಿದೆ.

ನಮೂನೆಯ ಇಂಗ್ಲಿಷ್ ಅಕ್ಷರಗಳಿಗೆ ನಾನು ಹೆದರುತ್ತಿದ್ದೆ. ಈಗ ಸೊಸೆ ಓದುತ್ತಾಳೆ, ನಾನು ಚೌಕದ ಗೆರೆಯ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಸೀದಾಕ್ಕೆ ಸೀ, ಉಲ್ಟಾಕ್ಕೆ ಉ, ಎರಡು ಕುಣಿಕೆ ಸೇರಿಸಿ ಹೆಣೆಯುವುದಕ್ಕೆ ಜೋ, ನೂಲನ್ನು ಕಡ್ಡಿಯ ಮೇಲೆ ಸುತ್ತಿ ತೂತು ಬಿಡುವುದಕ್ಕೆ ಒಂದು ಸೊನ್ನೆ. "2 ಸೀ, 2 ಉ" ಎಂದು ಸಾಲು ಬರೆದು, ಹೆಣೆದ ಸಾಲಿನ ಮುಂದೆ ಕಡಲೆಕಾಳಿನಷ್ಟು ಚುಕ್ಕೆ ಇಡುತ್ತೇನೆ. ಗುಂಪಿನ ಐದು ಜನ ಈಗ ಇದೇ ಅಕ್ಷರಗಳನ್ನು ಬಳಸುತ್ತಾರೆ. ನೀವೂ ಮೊದಲ ದಿನವೇ ನಿಮ್ಮದೇ ಅಕ್ಷರಗಳನ್ನು ಗೊತ್ತುಮಾಡಿಕೊಳ್ಳಿ ತಾಯಿ, ಫೋನಿನಲ್ಲಿ ಹೇಳುವಾಗ ಗೊಂದಲವಾಗುವುದಿಲ್ಲ.

ಹಿಂದೆ ಬಿದ್ದವರನ್ನು ಕಾಯಿರಿ. ನಮ್ಮ ತಾಯಿ ಓಣಿಯವರ ಜೊತೆ ಕೌದಿ ಹೊಲಿಯುವಾಗ ನಾಲ್ಕು ಮೂಲೆಯಿಂದ ನಾಲ್ವರು ಒಳಗೆ ಬರುತ್ತಿದ್ದರು. ಒಬ್ಬಳ ಮೂಲೆ ಹಿಂದುಳಿದರೆ ಬಟ್ಟೆ ಸುಕ್ಕುಗಟ್ಟುತ್ತದೆ ಎಂದು ಉಳಿದವರು ಸೂಜಿ ಕೆಳಗಿಟ್ಟು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು.

ಸಿಂಧನೂರಿನಿಂದ ಮತ್ತೆ

ಎಲ್ಲರಿಗೂ ಕೈಮುಗಿದೆ. 4 ಮಿಲಿಮೀಟರ್ ಕಡ್ಡಿ, ಒಂದೇ ಲಾಟಿನ ನೀಲಿ ಹತ್ತಿ ನೂಲು ತರಿಸಿ ಆರು ಮನೆಗೂ ಹಂಚಿದೆವು. ಆರೂ ತುಂಡು ಒಗೆದು, ತೂಗುಬಿಟ್ಟು, ಅಳೆದಾಯಿತು. ನಾಲ್ಕು ಇಂಚಿಗೆ ನನಗೆ 22, ಗಂಗಾವತಿಯ ಇಬ್ಬರಿಗೂ 22, ಸಿಂಧನೂರಿನ ಉಳಿದಿಬ್ಬರಿಗೆ 21 ಮತ್ತು 24, ಪುಣೆಯವಳಿಗೆ 25 ಬಂದಿದೆ! ಅವಳು ಅಳುವುದೊಂದು ಬಾಕಿ. ಇನ್ನೂ ಸಡಿಲವಾಗಿ ಹೆಣೆಯಲು ಹೇಳಲೇ?

ಬಳ್ಳಾರಿಯಿಂದ

ಬೇಡ. ಕೈಯನ್ನು ಬದಲಿಸಲು ಹೋದರೆ ನಾಲ್ಕು ಸಾಲು ನೆನಪಿರುತ್ತದೆ, ಐದನೆಯ ಸಾಲಿಗೆ ಹಳೆಯ ಕೈಯೇ ಬರುತ್ತದೆ. ಕಡ್ಡಿಯನ್ನು ಬದಲಿಸಿ. 24 ಮತ್ತು 25 ಬಂದವರು ನಾಲ್ಕೂವರೆ ಮಿಲಿಮೀಟರ್ ಹಿಡಿಯಲಿ, ನಮ್ಮ ಅಂಗಡಿಯಲ್ಲಿ ಅದು 7ನೇ ನಂಬರ್. 21 ಬಂದವರು ಮೂರೂಮುಕ್ಕಾಲು ಹಿಡಿಯಲಿ, 9ನೇ ನಂಬರ್. ಮೂವರೂ ಇನ್ನೊಂದು ತುಂಡು ಹೆಣೆದು, ಒಗೆದು, ಮತ್ತೆ ಎಣಿಸಲಿ. ಪುಣೆಯವಳಿಗೆ ಆಗಲೂ 23 ಬಂದರೆ ಕಡ್ಡಿ ಹುಡುಕುತ್ತಾ ಕೂರುವುದು ಬೇಡ, 26 ಇಂಚಿಗೆ 143ರ ಬದಲು 149 ಅಥವಾ 150 ಕುಣಿಕೆ ಹಾಕಿದರಾಯಿತು. ಎರಡು ಸೀದಾ, ಎರಡು ಉಲ್ಟಾದ ಪಟ್ಟಿಗೆ ಹೊಂದುವ ಸಂಖ್ಯೆಯನ್ನು ಕೂತು ಲೆಕ್ಕ ಹಾಕಿಕೊಡುತ್ತೇನೆ. ಅಲ್ಲಿಯವರೆಗೆ 22 ಬಂದ ನೀವು ಮೂವರು ಕುಣಿಕೆ ಹಾಕಬೇಡಿ, ಕಾಯಿರಿ. ಆರೂ ಜನ ಒಂದೇ ದಿನ ಹಾಕಿ, ಆ ಭಾನುವಾರವೇ ಒಳಮೈಯ ಫೋಟೊ ಕಳುಹಿಸಿ. ನನಗೂ ಒಂದು ಕಳುಹಿಸಿ.