ಮೂರು ವರ್ಷ ದಾಟಿದ ಮೇಲೆ ಚಾರ್ಜ್‌ಶೀಟ್ ಬಂದಿದೆ, ಕೇಸ್ ನಿಲ್ಲುತ್ತಾ?

ಲಗ್ಗೆರೆ_ಅಕ್ಕ
ನಮಸ್ಕಾರ. ನನ್ನ ತಮ್ಮನ ವಿಷಯ ಕೇಳಬೇಕಿತ್ತು. ಲಗ್ಗೆರೆಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. 2022ರ ಮಾರ್ಚ್ 12ರಂದು ಪಕ್ಕದವರು ಗಿರಣಿ ಬಾಗಿಲಿಗೆ ಅಡ್ಡ ಗಾಡಿ ನಿಲ್ಲಿಸಿದ್ದರು. ಮಾತಿಗೆ ಮಾತು ಬೆಳೆಯಿತು. ಬರೀ ಬಾಯಿ ಜಗಳ, ಯಾರೂ ಕೈ ಎತ್ತಲಿಲ್ಲ. ಅವರು ಸ್ಟೇಷನ್ನಿಗೆ ಹೋದರು. ಮೊದಲು ಎನ್‌ಸಿಆರ್ (ಪೊಲೀಸರು ತಾವಾಗಿ ತನಿಖೆ ಮಾಡುವ ಹಾಗಿಲ್ಲದ ದೂರಿನ ದಾಖಲೆ) ಆಯಿತು, ನಾಲ್ಕು ದಿನ ಬಿಟ್ಟು ಎಫ್‌ಐಆರ್. ಐಪಿಸಿ 504, 506, ಅಂದರೆ ಕೆರಳಿಸುವ ಹಾಗೆ ಅವಮಾನ ಮಾಡಿದ್ದು, ಬೆದರಿಕೆ ಹಾಕಿದ್ದು. ಆಮೇಲೆ ಯಾರೂ ಕರೆಯಲಿಲ್ಲ, ಮುಗಿಯಿತು ಅಂದುಕೊಂಡೆವು. ಈಗ ಸಮನ್ಸ್ ಬಂದಿದೆ. ಚಾರ್ಜ್‌ಶೀಟ್ ಹಾಕಿದ್ದು 2025ರ ಜೂನ್‌ನಲ್ಲಂತೆ. ತಮ್ಮನಿಗೆ ಸಿಕ್ಕಿದ್ದ ಡ್ರೈವರ್ ಕೆಲಸ ಪೊಲೀಸ್ ವೆರಿಫಿಕೇಷನ್‌ನಲ್ಲಿ ನಿಂತಿದೆ. ತಟ್ಟೆ ಮುಂದೆ ಸುಮ್ನೆ ಕೂತಿರುತ್ತಾನೆ. ಪರಿಚಯದವರೊಬ್ಬರು "ಮೂರು ವರ್ಷ ದಾಟಿದೆ, ಕೇಸ್ ತಾನೇ ಬಿದ್ದುಹೋಗುತ್ತೆ, ಕೋರ್ಟಿಗೆ ಹೋಗೋದೇ ಬೇಡ" ಅಂದರು. ಹೌದಾ?

ಮಂಜು_ಪೀಣ್ಯ
ಅಕ್ಕ, ಹೋಗದೇ ಮಾತ್ರ ಇರಬೇಡಿ. ನಮ್ಮ ಭಾವ ಹೀಗೇ ಯಾರದೋ ಮಾತು ಕೇಳಿ ಎರಡು ಡೇಟ್ ತಪ್ಪಿಸಿದರು. ವಾರಂಟ್ ಬಂತು.

ನಿವೃತ್ತ_ಶಿರಸ್ತೇದಾರ
ನೋಡಮ್ಮ, ಕ್ರಿಮಿನಲ್ ಕೋರ್ಟಿನಲ್ಲಿ 28 ವರ್ಷ ಫೈಲ್ ಹೊತ್ತವನು ನಾನು. ತಾನೇ ಬಿದ್ದ ಕೇಸ್ ಒಂದನ್ನೂ ನೋಡಿಲ್ಲ. ಯಾರಾದರೂ ಎದ್ದು ನಿಂತು ತಕರಾರು ಎತ್ತಬೇಕು.

ಮೊದಲು ಚಾರ್ಜ್‌ಶೀಟಿನಲ್ಲಿ 506 ಮುಂದೆ ಏನು ಬರೆದಿದೆ ನೋಡಿ. ಸಾಮಾನ್ಯ ಬೆದರಿಕೆಗೆ 2 ವರ್ಷದವರೆಗೆ ಶಿಕ್ಷೆ. ಕೊಲ್ಲುತ್ತೇನೆ ಅಂದರು ಅಂತ ಬರೆದಿದ್ದರೆ 7 ವರ್ಷದವರೆಗೆ. ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಕಾಲಮಿತಿ 3 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗೆ ಮಾತ್ರ. 7 ವರ್ಷದ್ದಾದರೆ ನಿಮ್ಮ ವಾದಕ್ಕೆ ನೆಲೆಯೇ ಇಲ್ಲ. ತನಿಖೆ ಹಳೆಯದು, ಹಾಗಾಗಿ ಸಿಆರ್‌ಪಿಸಿ 468 ನೋಡಬೇಕು. ಹೊಸ ಕಾನೂನಿನಲ್ಲಿ ಅದೇ 514. ತಡವಾಗಿದ್ದರೂ ಸರಿಯಾದ ಕಾರಣ ಇದ್ದರೆ ಕೋರ್ಟ್ ಮನ್ನಾ ಮಾಡಬಹುದು, ಅದು 473.

ನನಗೆ ಜಾಸ್ತಿ ಕಾಣುತ್ತಿರುವುದು ಬೇರೆ ಕಡೆ. 504, 506 ಎರಡೂ ಅಸಂಜ್ಞೇಯ. ಮ್ಯಾಜಿಸ್ಟ್ರೇಟ್ ಆದೇಶ ಇಲ್ಲದೆ ಪೊಲೀಸರು ತನಿಖೆ ಮಾಡುವ ಹಾಗಿಲ್ಲ, 155(2). ಸ್ಟೇಷನ್ನಿನಿಂದ ರಿಕ್ವಿಸಿಷನ್, ಅಂದರೆ ತನಿಖೆಗೆ ಅನುಮತಿ ಕೇಳುವ ಪತ್ರ, ಬರುತ್ತೆ, ಅದರ ಮೂಲೆಯಲ್ಲೇ ಒಂದು ಪದ ಗೀಚಿ ವಾಪಸ್ ಕಳಿಸುವುದು ಎಷ್ಟೋ ಕಡೆ ರೂಢಿಯಾಗಿತ್ತು. ಅಂಥದ್ದು ಆದೇಶವೇ ಅಲ್ಲ, ಮ್ಯಾಜಿಸ್ಟ್ರೇಟ್ ಮನಸ್ಸಿಟ್ಟು ಓದಿ ಕಾರಣ ಬರೆಯಬೇಕು ಅಂತ ನಮ್ಮ ಹೈಕೋರ್ಟ್ 2019ರಲ್ಲೇ ಹೇಳಿತು. ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿ. ಎಫ್‌ಐಆರ್, ರಿಕ್ವಿಸಿಷನ್, ಆರ್ಡರ್ ಶೀಟ್ (ಕೋರ್ಟ್ ತನ್ನ ಆದೇಶಗಳನ್ನು ಬರೆದಿಡುವ ಹಾಳೆ), ಮೂರೂ ಬೇಕು. ಆರ್ಡರ್ ಶೀಟಿನ ಮೊದಲ ಹಾಳೆ ಬಿಡಬೇಡಿ.

ತಡ ಮಾಡಬೇಡಿ. ಕಾರ್ಯವಿಧಾನದ ತಪ್ಪು ಅನ್ನೋ ಕಾರಣಕ್ಕಷ್ಟೇ ತೀರ್ಪು ಬದಲಾಗಲ್ಲ, ಅದರಿಂದ ನ್ಯಾಯಕ್ಕೆ ಪೆಟ್ಟು ಬಿದ್ದಿರಬೇಕು. ಮೊದಲೇ ಹೇಳಬಹುದಿತ್ತಲ್ಲ ಅಂತಲೂ 465ರಲ್ಲಿ ಕೇಳುತ್ತಾರೆ.

ವಕೀಲೆ_ಮಲ್ಲೇಶ್ವರ
ಹಿರಿಯರ ಮಾತು ಸರಿ. ಕಾಲಮಿತಿ ಬಗ್ಗೆ ಒಂದು ಎಚ್ಚರಿಕೆ. ಮ್ಯಾಜಿಸ್ಟ್ರೇಟ್ ಕಾಗ್ನಿಜೆನ್ಸ್ ತೆಗೆದುಕೊಂಡ, ಅಂದರೆ ಕೇಸನ್ನು ವಿಚಾರಣೆಗೆ ಗಣನೆಗೆ ತೆಗೆದುಕೊಂಡ ದಿನ ಲೆಕ್ಕಕ್ಕಿಲ್ಲ, ದೂರು ಕೊಟ್ಟ ಅಥವಾ ಪ್ರಾಸಿಕ್ಯೂಷನ್ ಶುರುವಾದ ದಿನವೇ ಲೆಕ್ಕ ಅಂತ 2013ರಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಹೇಳಿದೆ. ನಿಮ್ಮಲ್ಲಿ ಎಫ್‌ಐಆರ್ ನಾಲ್ಕೇ ದಿನಕ್ಕೆ ಆಗಿದೆ. ಸರ್ಕಾರಿ ವಕೀಲರು ಅದನ್ನೇ ಹಿಡಿಯುತ್ತಾರೆ. ಮೂರು ವರ್ಷದ ವಾದ ಒಂದನ್ನೇ ನಂಬಬೇಡಿ, 155(2) ಮುಂದಿಡಿ. ರದ್ದು ಕೋರಿ ಹೈಕೋರ್ಟಿಗೆ ಹೋಗಬಹುದು. ಅಲ್ಲಿ ತಡೆಯಾಜ್ಞೆ ಸಿಗುವವರೆಗೆ ಕೆಳಗಿನ ಕೋರ್ಟಿನ ಪ್ರತಿ ಡೇಟಿಗೂ ತಮ್ಮ ಹಾಜರಿರಬೇಕು.

ಲಗ್ಗೆರೆ_ಅಕ್ಕ
ಎಲ್ಲರಿಗೂ ಕೈ ಮುಗಿಯುತ್ತೇನೆ. ಹದಿನೈದು ದಿನ ಆಯಿತು, ಕಾಪಿ ಇವತ್ತು ಕೈಗೆ ಬಂತು. ಸರ್, ನೀವು ಹೇಳಿದ ಹಾಗೇ ಇದೆ. ರಿಕ್ವಿಸಿಷನ್ನಿನ ಎಡಗಡೆ ಮೂಲೆಯಲ್ಲಿ 'ಪರ್ಮಿಟೆಡ್' ಅಂತ ಒಂದೇ ಪದ, ಕೆಳಗೆ ಸಹಿ. ಆರ್ಡರ್ ಶೀಟ್ ಶುರುವಾಗೋದೇ 2025ರ ಜೂನ್‌ನಿಂದ. 506 ಮುಂದೆ ಬೇರೇನೂ ಬರೆದಿಲ್ಲ. ತಮ್ಮ ಸೋಮವಾರ ಹಾಜರಾಗಿ ಜಾಮೀನು ತೆಗೆದುಕೊಂಡ, ಗಿರಣಿ ಪಕ್ಕದ ಅಂಗಡಿಯವರೇ ಶ್ಯೂರಿಟಿ ನಿಂತರು. ಶುಕ್ರವಾರ ಹೈಕೋರ್ಟ್ ವಕೀಲರನ್ನು ನೋಡಲು ಹೋಗುತ್ತಿದ್ದೇವೆ. ಆ ಹಾಳೆಯ ಜೆರಾಕ್ಸ್ ಮೂರು ಮಾಡಿಸಿಟ್ಟಿದ್ದೇನೆ.