ಫೆಸ್ಟ್‌ನ ರೀಟೇಲ್ ಸ್ಪರ್ಧೆಗೆ ತಯಾರಿ ಹೇಗೆ? ಅನುಭವ ಇರೋರು ಹೇಳಿ

ಬಿಬಿಎ ಎರಡನೇ ವರ್ಷ, ದಾವಣಗೆರೆ: ಮುಂದಿನ ತಿಂಗಳು ಅಂತರ ಕಾಲೇಜು ಫೆಸ್ಟ್. ನಾಲ್ಕು ಜನ ರೀಟೇಲ್ ಇವೆಂಟ್‌ಗೆ ಹೆಸರು ಕೊಟ್ಟಿದ್ದೀವಿ. ಮೊದಲು ಕೇಸ್ ಸ್ಟಡಿ (ಒಂದು ಅಂಗಡಿಯ ಸಮಸ್ಯೆ ಕೊಟ್ಟು ಪರಿಹಾರ ಕೇಳ್ತಾರೆ), ಆಮೇಲೆ 3,000 ರೂಪಾಯಿ ಬಂಡವಾಳದಲ್ಲಿ ಅರ್ಧ ದಿನ ಸ್ಟಾಲ್. ಯಾರಿಗೂ ಅಂಗಡಿ ಅನುಭವ ಇಲ್ಲ. ಎಲ್ಲಿಂದ ಶುರು ಮಾಡೋದು?

ನಿಪ್ಪಟ್ಟು ಟೀಮ್: ಎರಡು ವರ್ಷ ಆಯ್ತು, ನೆನೆಸಿಕೊಂಡ್ರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. 60 ಪ್ಯಾಕೆಟ್ ನಿಪ್ಪಟ್ಟು, 30ರ ಹಾಗೆ 1,800. ಫ್ಲೆಕ್ಸ್ 480. ಟೇಬಲ್ ಬಾಡಿಗೆ 150, ಹಾಸೋ ಬಟ್ಟೆ 120. ಮಾರಿದ್ದು 40ರಂತೆ 41 ಪ್ಯಾಕೆಟ್, ಬಂದದ್ದು 1,640. ಕೈಯಿಂದ ಹೋದದ್ದು 910. ಊಟದ ಹೊತ್ತಿಗೆ ಮಳೆ ಹಿಡೀತು. ರುಚಿ ನೋಡೋಕೆ ಅಂತ ತಟ್ಟೆಯಲ್ಲಿ ಬಿಚ್ಚಿಟ್ಟಿದ್ದೆಲ್ಲ ಮೆತ್ತಗಾಗಿ, ತಿಂದವರು ಮುಖ ಕಿವುಚಿಕೊಂಡು ಹೋದ್ರು. ಅದಾದ್ರೂ ಸಹಿಸ್ಕೋಬಹುದಿತ್ತು. ಜಡ್ಜ್ "ಮಾರ್ಜಿನ್ ಎಷ್ಟು?" ಅಂದಾಗ 33 ಪರ್ಸೆಂಟ್ ಅಂದೆ. 30ಕ್ಕೆ ತಂದು 40ಕ್ಕೆ ಮಾರಿದ್ರೆ ಕೊಂಡ ಬೆಲೆ ಮೇಲೆ 33, ಅದು ಮಾರ್ಕಪ್. ಮಾರ್ಜಿನ್ ಲೆಕ್ಕ ಮಾರಿದ ಬೆಲೆ ಮೇಲೆ, 25. ಅವರು ಪೆನ್ನು ಕೆಳಗಿಟ್ಟುಬಿಟ್ರು.

ಕರಾವಳಿ ಹುಡುಗಿ: ನಾವು ಗೆದ್ದದ್ದು ಫ್ಲೆಕ್ಸ್‌ನಿಂದ ಅಲ್ಲ ಮಾರಾಯ್ರೆ. ನಾಲ್ಕು ಸಂಜೆ ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ಸ್ಟೂಲ್ ಹಾಕಿ ಕೂತಿದ್ದೆ, ಬಂದವರನ್ನು ಗೀಟು ಹಾಕಿ ಎಣಿಸ್ತಾ. ಆರೂವರೆಯಿಂದ ಎಂಟರವರೆಗೆ ಉಸಿರಾಡ್ಲಿಕ್ಕೆ ಪುರುಸೊತ್ತಿಲ್ಲ. ಹೊಸ ಬಿಸ್ಕತ್ತು ಬಂದ್ರೆ ಅಂಗಡಿಯವರು ಹಳೇದನ್ನು ಮುಂದೆ ಎಳೆದು ಹೊಸದನ್ನು ಹಿಂದೆ ತಳ್ತಿದ್ರು. ನಮ್ಮ ಕೇಸ್‌ನಲ್ಲಿ ಬಂದದ್ದು ಸ್ಟಾಕ್ ಕೊಳೀತಿದ್ದ ಅಂಗಡಿ: ವರ್ಷಕ್ಕೆ ಕೊಂಡ ಬೆಲೆ ಲೆಕ್ಕದಲ್ಲಿ 24 ಲಕ್ಷದ ಮಾಲು ಹೋಗ್ತದೆ, ಸರಾಸರಿ 6 ಲಕ್ಷದ್ದು ಒಳಗೇ ಉಂಟು. ಅಂದ್ರೆ ಮಾಲು ವರ್ಷದಲ್ಲಿ ನಾಲ್ಕೇ ಸಲ ತಿರುಗಿದ್ದು, ಖಾಲಿಯಾಗಿ ಮತ್ತೆ ತುಂಬಿದ್ದು. ಉಳಿದವರೆಲ್ಲ ಆಫರ್ ಹಾಕಿ ಅಂದ್ರು. ಮೊದಲು ಖರೀದಿ ನಿಲ್ಸಿ, ಮೂರು ತಿಂಗಳಿಂದ ಅಲುಗದ್ದನ್ನು ಬೇರೆ ತೆಗೀರಿ ಅಂದೆ ನಾನು.

ಕಿರಾಣಿ ಅಂಗಡಿ ಮಗ, ಹುಬ್ಬಳ್ಳಿ: ನಾಲ್ಕು ಸಂಜಿ ಕುಂತು ಅಂಗಡಿ ಕಲತೆ ಅಂತೀರಲ್ರಿ, ನಾ ಬೆಳದಿದ್ದ ಗಲ್ಲಾದ ಹಿಂದ. ಫೈನಲ್‌ದಾಗ ಕೇಳಿದ್ರು, ಗಿರಾಕಿ ಬ್ಯಾರೆ ಕಡೆ ಹೋಗದಂಗ ಏನ್ ಮಾಡ್ತಿ? ನಮ್ಮಪ್ಪನ ಉದ್ರಿ ಪುಸ್ತಕದ ಬಗ್ಗೆ ಹೇಳಿದೆ. ಯಾರ ಪಗಾರ ಯಾವತ್ತು, ಯಾರ ಮನ್ಯಾಗ ಮದುವಿ ಐತಿ, ಎಲ್ಲಾ ಅದರಾಗ ಗೊತ್ತಾಗ್ತದ. "ಲಾಯಲ್ಟಿ ಪ್ರೋಗ್ರಾಂ ಎಲ್ಲಿ?" ಅಂದ್ರು. ಅದ ಅಲ್ಲೇನ್ರಿ ಇದು? ಆಪ್ ಮಾಡ್ತೀವಿ ಅಂದವರಿಗೆ ಕಪ್ ಕೊಟ್ರು. ಮ್ಯಾಲೆ ನಮಗ "ಅಸಂಘಟಿತ ವಲಯ" ಅಂತ ಹೆಸರು. ಸ್ಟಾಲಿಗೆ ತಣ್ಣನ ಜ್ಯೂಸ್ ಇಡ್ರಿ, ಎಂಆರ್‌ಪಿ ಮ್ಯಾಲೆ 2 ರೂಪಾಯಿ ತಗೊಳ್ರಿ, ಖರ್ಚು ಹೊಂಡತದ.

ಎಂಕಾಂ ಮೈಸೂರು: ದಯವಿಟ್ಟು ಆ ಮಾತು ಕೇಳಬೇಡಿ. 20ರ ಬಾಟಲಿ 22ಕ್ಕೆ ಮಾರಿ ನಮ್ಮ ಟೀಮ್ ಅನರ್ಹ ಆಯ್ತು, ಅದೂ ಲೀಡ್‌ನಲ್ಲಿದ್ದಾಗ. ಎಂಆರ್‌ಪಿ ಅಂದ್ರೆ ಎಲ್ಲಾ ತೆರಿಗೆ ಸೇರಿದ ಗರಿಷ್ಠ ಬೆಲೆ. 2011ರ ಪ್ಯಾಕೇಜ್ಡ್ ಕಮಾಡಿಟೀಸ್ (ಪ್ಯಾಕ್ ಮಾಡಿದ ಸರಕುಗಳ) ನಿಯಮಗಳನ್ನು ಒಂದ್ಸಲ ಓದಿ. ಕೂಲಿಂಗ್ ಚಾರ್ಜ್ ಅಂತ ಅದರ ಮೇಲೆ ಒಂದು ಪೈಸೆ ತಗೊಳ್ಳೋ ಹಾಗಿಲ್ಲ.

ಕಿರಾಣಿ ಅಂಗಡಿ ಮಗ: ಫ್ರಿಜ್ಜಿನ ಕರೆಂಟ್ ಬಿಲ್ ನೀವು ಕಟ್ತೀರೇನ್ರಿ?

ಎಂಕಾಂ ಮೈಸೂರು: ಅದನ್ನ ಕಂಪನಿಯವರ ಹತ್ರ, ಡಿಸ್ಟ್ರಿಬ್ಯೂಟರ್ ಹತ್ರ ಕೇಳಿ. ಗಿರಾಕಿ ಜೇಬಿಗೆ ಯಾಕೆ ಕೈ ಹಾಕ್ತೀರಿ? ನಿಪ್ಪಟ್ಟಿನವರಿಗೂ ಒಂದು ಮಾತು: ನಿಮ್ಮ ಪ್ಯಾಕೆಟ್ ಮೇಲೆ ಬೆಲೆ, ತೂಕ, ತಯಾರಿಸಿದ ದಿನಾಂಕ ಇತ್ತಾ?

ನಿಪ್ಪಟ್ಟು ಟೀಮ್: ಇರಲಿಲ್ಲ. ಮನೆಯಲ್ಲಿ ಕರಿದು ಮಾರೋ ಅಕ್ಕನ ಹತ್ರ ತಂದಿದ್ವಿ. 910 ಕಳಕೊಂಡವರನ್ನ ಹಿಡಿದು ಕಾನೂನು ಕೇಳ್ತೀರಲ್ಲ ಸಾರ್, ಆವತ್ತು ಉಳಿದ ಪ್ಯಾಕೆಟ್ ಹೊತ್ಕೊಂಡು ಬಸ್ಸಲ್ಲಿ ನಿಂತು ಬಂದವರು ನಾವು.

ಕರಾವಳಿ ಹುಡುಗಿ: ಹುಬ್ಬಳ್ಳಿಯವರೇ, ಉದ್ರಿಯಲ್ಲಿ ವಾಪಸ್ ಬಾರದೇ ಹೋದದ್ದು ಎಷ್ಟು ಅಂತ ಜಡ್ಜ್‌ಗೆ ಹೇಳಿದ್ರಾ? ನಾನಾಗಿದ್ರೆ ಅದನ್ನೇ ಕೇಳ್ತಿದ್ದೆ.

ಕಿರಾಣಿ ಅಂಗಡಿ ಮಗ: ಹೇಳಿಲ್ಲ. ಅಪ್ಪ ಆ ಲೆಕ್ಕ ನನಗೂ ತೋರಿಸಿಲ್ಲ.

ಬಿಬಿಎ ಎರಡನೇ ವರ್ಷ: ನಮ್ಮ ಹಾಸ್ಟೆಲ್ ಎದುರು ಒಂದು ಅಂಗಡಿ ಇದೆ. ಕೂರೋಕೆ ಬಿಡಿ ಅಂತ ಇವತ್ತು ಸಂಜೆ ಕೇಳಲಾ?

ಕಿರಾಣಿ ಅಂಗಡಿ ಮಗ: ಸಂಜಿಗೆ ಬ್ಯಾಡ ತಮ್ಮಾ, ಗಿರಾಕಿ ಇರ್ತಾರ. ಮಧ್ಯಾಹ್ನ ಮೂರಕ್ಕ ಹೋಗು. ಉದ್ರಿ ಪುಸ್ತಕ ಮಾತ್ರ ಕೇಳಬ್ಯಾಡ.