ಕೌದಿಯನ್ನು ಬಿಸಿಲಿಗೆ ಹಾಕಬೇಡ ತಂಗಿ

ತಂಗಿ, ನಿನ್ನ ಮೆಸೇಜ್ ಈಗ ನೋಡಿದೆ. ದೇವರಿಗೆ ದೀಪ ಹಚ್ಚಿ ಬಂದು ಫೋನ್ ತೆಗೆದರೆ ಗ್ರೂಪಿನಲ್ಲಿ ನಲವತ್ತು ಮೆಸೇಜು, ಅದರ ನಡುವೆ ನಿನ್ನದು. "ದೊಡ್ಡವ್ವಾ, ಹಳೇ ಬಟ್ಟೆ ಜೋಡಿಸಿ ಹೊಲಿದ ಹೊದಿಕೆ, ನಮ್ಮ ಕೌದಿ, ತೊಳೆಯಲು ಹಾಕಿದ್ದೆ, ಕೆಂಪು ಬಣ್ಣ ಬಿಟ್ಟು ಬಿಳಿ ಬಟ್ಟೆಗೆಲ್ಲ ಹತ್ತಿದೆ, ಬರುವ ರವಿವಾರ ಪ್ರದರ್ಶನಕ್ಕೆ ಕೊಡಬೇಕು, ಏನು ಮಾಡಲಿ" ಅಂತ ಕೇಳಿದ್ದೀಯ. ಫೋಟೋನೂ ನೋಡಿದೆ. ಬಕೆಟ್ಟಿನ ನೀರು ಕುಂಕುಮ ಕದಡಿದ ಹಾಗೆ ಕಾಣುತ್ತದೆ. ನನ್ನ ಎದೆ ಧಸಕ್ ಅಂತು. ಟೈಪ್ ಮಾಡುತ್ತ ಕೂತರೆ ಸಂಜೆ ಆಗುತ್ತದೆ, ಅದಕ್ಕೆ ಮಾತಾಡಿಯೇ ಹೇಳುತ್ತೇನೆ. ಉದ್ದ ಆದರೂ ಪೂರ್ತಿ ಕೇಳು.

ಆ ಕೆಂಪು ಅಂಚಿಗೆ ಹಚ್ಚಿದ್ದಲ್ವಾ? ಹೊಸ ಬಟ್ಟೆ ತಂದು ತೊಳೆಯದೆ ಹಚ್ಚಿದ್ದೀಯ. ಫೋಟೋ ನೋಡಿದ ಕೂಡಲೇ ತಿಳಿಯಿತು, ಯಾಕಂದ್ರೆ ನಾನೂ ಹೀಗೇ ಮಾಡಿದ್ದೆ.

ನಮ್ಮ ದೊಡ್ಡವಳ ಬಾಣಂತನದ ವರ್ಷ. ಗದಗಿನ ಅತ್ತಿ ಇನ್ನೂ ಇದ್ದರು. ಮೊಮ್ಮಗನಿಗೆ ಅಂತ ಕೌದಿ ಶುರು ಮಾಡಿದೆ. ಒಳಗೆ ಅವ್ವನ ಎರಡು ಇಳಕಲ್ ಸೀರೆ. ಮೇಲೆ ಅಪ್ಪನ ಧೋತರ, ಅದರ ಮೇಲೆ ಗುಳೇದಗುಡ್ಡದ ಖಣದ ಕುಪ್ಪಸ ಬಿಚ್ಚಿ ಕತ್ತರಿಸಿದ ತುಂಡುಗಳು. ಅಪ್ಪನ ಧೋತರ ತೊಳೆದೂ ತೊಳೆದೂ ಹಾಲಿನ ಕೆನೆಯ ಹಾಗೆ ಮೆತ್ತಗಾಗಿತ್ತು. ಎರಡು ತಿಂಗಳು ಹೊಲಿದೆ. ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರಬೇಕು. ಕೊನೆಯ ಹೊಲಿಗೆಗೆ ಮುಂಚೆ ಅತ್ತಿ ನಡುವಿನ ಬಾಯಿಗೆ ಚೂರು ರೊಟ್ಟಿ, ಒಂದು ಚಿಟಿಕೆ ಸಕ್ಕರೆ ಇಟ್ಟರು. ಹೊಟ್ಟೆ ತುಂಬಿಸದೆ ಕೌದಿಯ ಬಾಯಿ ಮುಚ್ಚಬಾರದು ಅನ್ನುವುದು ನಮ್ಮ ಮನೆಯ ಪದ್ಧತಿ, ನಿಮಗೆಲ್ಲ ಗೊತ್ತೇ ಇದೆ.

ಅಂಚಿಗೆ ಮಾತ್ರ ಬಟ್ಟೆ ಸಾಲಲಿಲ್ಲ. ಹುಬ್ಬಳ್ಳಿ ಪೇಟೆಗೆ ಹೋಗಿ ಎರಡು ಮೀಟರ್ ಕೆಂಪು ಕಾಟನ್ ತಂದೆ. ಅಂಗಡಿಯವನು "ಪಕ್ಕಾ ಬಣ್ಣ ಅಕ್ಕಾರ" ಅಂದ. ಮಗಳು ಊರಿಗೆ ಹೊರಡುವ ದಿನ ಹತ್ತಿರ ಬಂದಿತ್ತು, ಗಡಿಬಿಡಿ. ಹಾಗೇ ಹಚ್ಚಿಬಿಟ್ಟೆ.

ಕೂಸು ಹೊದ್ದುಕೊಳ್ಳುವುದು ಅಂತ ಒಮ್ಮೆ ತೊಳೆದೆ. ನೀರಿನಿಂದ ಎತ್ತಿದಾಗ ಮೊದಲು ಅಂಚಿನ ಹತ್ತಿರ ಒಂದು ಬೆರಳಗಲ ಗುಲಾಬಿ ಕಂಡಿತು. ಕೈಯಲ್ಲಿ ಹರವಿ ನೋಡಿದರೆ ಬಣ್ಣ ದಾರದ ಗುಂಟ ಒಳಗೆ ಹೋಗಿತ್ತು. ಪ್ರತಿ ಹೊಲಿಗೆಯ ತೂತಿನ ಸುತ್ತ ಸಾಸಿವೆ ಕಾಳಿನಷ್ಟು ಗುಲಾಬಿ ಚುಕ್ಕೆ. ಸಾಲು ಸಾಲಾಗಿ, ಅಪ್ಪನ ಧೋತರದ ತುಂಬ. ಕೂಸಿಗೆ ದಡಾರ ಎದ್ದ ಹಾಗೆ ಕಾಣುತ್ತಿತ್ತು.

ಆಗ ನಾನು ಮಾಡಿದ ತಪ್ಪು ಕೇಳು. ಬಣ್ಣ ಬಿಟ್ಟದ್ದು ದೊಡ್ಡ ತಪ್ಪಲ್ಲ. ಗಾಬರಿಯಾಗಿ ಬೇಗ ಒಣಗಲಿ ಅಂತ ಮಾಳಿಗೆ ಮೇಲೆ ಬಿಸಿಲಿಗೆ ಹಾಕಿದೆನಲ್ಲ, ಅದು ತಪ್ಪು. ಬೇಸಿಗೆ ಬಿಸಿಲು, ಎರಡು ತಾಸಿಗೆ ಹಪ್ಪಳದ ಹಾಗೆ ಒಣಗಿತು. ಕಲೆ ಅಲ್ಲೇ ಕೂತುಬಿಟ್ಟಿತು. ಆಮೇಲೆ ನಿಂಬೆಹಣ್ಣು ತಿಕ್ಕಿದೆ, ಉಪ್ಪಿನ ನೀರಲ್ಲಿ ನೆನೆಸಿದೆ, ಯಾವುದೂ ಆಗಲಿಲ್ಲ. ಕೊನೆಗೆ ಯಾರದೋ ಮಾತು ಕೇಳಿ ಬ್ಲೀಚ್ ಹಾಕಿದೆ. ಗುಲಾಬಿ ಹಳದಿ ಆಯಿತು, ದಾರ ಉಗುರಿಗೆ ಸಿಕ್ಕರೆ ತುಂಡಾಗುವಷ್ಟು ಸವೆಯಿತು, ಖಣದ ಹೊಳಪು ಸತ್ತುಹೋಯಿತು. ಹೊಸ ಬಟ್ಟೆ ಆದರೆ ಇನ್ನೊಂದು ಮೀಟರ್ ತರಬಹುದು. ಅಪ್ಪನ ಧೋತರ ಎಲ್ಲಿಂದ ತರಲಿ? ಈಗಲೂ ಆ ಕೌದಿ ಟ್ರಂಕಿನಲ್ಲಿದೆ, ತೆಗೆದು ನೋಡುವುದಕ್ಕೆ ಮನಸ್ಸಾಗುವುದಿಲ್ಲ.

ಅದಕ್ಕೇ ಹೇಳುತ್ತೇನೆ, ಗ್ರೂಪಿನಲ್ಲಿ ಸೂಜಿ ಹಿಡಿಯುವವರೆಲ್ಲ ಕೇಳಿ. ಹೊಸ ಕೆಂಪು ಬಟ್ಟೆಯನ್ನು ತೊಳೆಯದೆ ಕೌದಿಗೆ ಹಚ್ಚಬೇಡಿ. ಬಣ್ಣ ಬಿಟ್ಟ ಕೌದಿಯನ್ನು ಬಿಸಿಲಿಗೆ ಹಾಕಬೇಡಿ.

ನಮ್ಮ ಅವ್ವ ಎಷ್ಟು ಕೌದಿ ಹೊಲಿದಳು, ಒಂದೂ ಬಣ್ಣ ಬಿಡಲಿಲ್ಲ. ಯಾಕೆ? ಅವಳು ಹೊಸ ಬಟ್ಟೆ ಮುಟ್ಟಲೇ ಇಲ್ಲ. ಹತ್ತು ವರ್ಷ ಉಟ್ಟು, ಕೆರೆ ದಂಡೆಯಲ್ಲಿ ಕಲ್ಲಿಗೆ ಬಡಿದು ತೊಳೆದ ಸೀರೆ ಅದು. ಬಿಡುವ ಬಣ್ಣ ಎಲ್ಲ ಆಗಲೇ ಬಿಟ್ಟು ಮುಗಿದಿರುತ್ತದೆ. ಈಗ ನಾವು ಚಂದ ಕಾಣಲಿ ಅಂತ ಹಳೆಯದರ ಜೊತೆ ಹೊಸದು ಸೇರಿಸುತ್ತೇವೆ, ಅಲ್ಲಿ ಬರುತ್ತದೆ ತೊಂದರೆ. ಕೆಂಪು ಜಾಸ್ತಿ ಕಾಡುತ್ತದೆ, ಕಡುನೀಲಿ, ಕಪ್ಪೂ ಕಡಿಮೆ ಇಲ್ಲ. ಹಚ್ಚುವ ಮುಂಚೆ ಬಿಳಿ ಅರಿವೆಯನ್ನು ಒದ್ದೆ ಮಾಡಿ ಹೊಸ ಬಟ್ಟೆಯ ಮೇಲೆ ಗಟ್ಟಿಯಾಗಿ ತಿಕ್ಕಿ ನೋಡಬೇಕು. ಬಣ್ಣ ಹತ್ತಿದರೆ ಹತ್ತದೇ ಇರುವ ತನಕ ತೊಳೆಯಬೇಕು. ಆಗಲಿಲ್ಲವೇ, ಆ ಬಟ್ಟೆ ಕೌದಿಗೆ ಬೇಡ.

ಪ್ರದರ್ಶನ ಅಂದೆಯಲ್ಲ, ಅದೂ ನೆನಪಾಯಿತು. ಹೋದ ಸಲ ನಾನೂ ನಿಮ್ಮ ವೈನಿಯೂ ನಮ್ಮ ಕೌದಿ ಕೊಟ್ಟಿದ್ದೆವು, ಎಲ್ಲಿ ಅಂತ ಹೆಸರು ಹೇಳುವುದಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ನಾಲ್ಕು ಮೂಲೆಗೆ ಮೊಳೆ ಹೊಡೆದು ಗೋಡೆಗೆ ಹಾಕಿದ್ದಾರೆ! ವೈನಿಯದನ್ನು ಚಹಾ ಇಡುವ ಮೇಜಿನ ಮೇಲೆ ಹಾಸಿದ್ದರು. ಹೊಲಿದವರ ಹೆಸರಿನ ಚೀಟಿ ಇಲ್ಲ. ನೋಡಲು ಬಂದ ಒಬ್ಬಳು "ಹಳೇ ಸೀರೆ ತಾನೇ, ಯಾಕೆ ಇಷ್ಟು ರೊಕ್ಕ" ಅಂದಳು. ಬಾಯಿಗೆ ಬಂದ ಮಾತು ನುಂಗಿಕೊಂಡೆ. ಎರಡು ತಿಂಗಳ ಕೆಲಸ, ಬೆನ್ನು ನೋವು, ಬೆರಳ ತುದಿಯಲ್ಲಿ ತೂತು, ಅದಕ್ಕೆ ಬೆಲೆ ಇಲ್ಲವಾ? ಧಾರವಾಡದ ಕಸೂತಿಗೆ ಜಿಐ, ಅಂದರೆ ಇದು ಈ ಊರಿನದೇ ಅನ್ನುವ ಸರ್ಕಾರದ ಗುರುತು, ಬಂತು, ಇಳಕಲ್ ಸೀರೆಗೆ ಬಂತು, ನವಲಗುಂದದ ಜಮಖಾನೆಗೆ ಬಂತು ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಲೇಬೇಕು. ಕೌದಿ ಅಂದ ಕೂಡಲೇ ಹರಕು ಬಟ್ಟೆ ಅನ್ನುತ್ತೇವೆ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಕೌದಿಯ ಮೂಲೆಗಳಿಗೆ ಬಟ್ಟೆ ಮಡಚಿ ಹೂವು ಹಚ್ಚುತ್ತಾರೆ. ಆ ಹೂವು ಇಲ್ಲದಿದ್ದರೆ ಕೌದಿ ಬತ್ತಲೆ ಅನ್ನುತ್ತಾರೆ. ಅವರು ಕೌದಿಗೆ ಅಷ್ಟು ಮಾನ ಕೊಡುತ್ತಾರೆ, ನಾವು ಮೊಳೆ ಹೊಡೆಯುತ್ತೇವೆ. ನೀನು ಈ ಸಲ ಕೊಡುವಾಗ ಹಿಂದುಗಡೆ ಮೇಲಂಚಿಗೆ ನಾಲ್ಕು ಇಂಚು ಅಗಲದ ಬಟ್ಟೆಯ ಕೊಳವೆ ಹೊಲಿದು ಕೊಡು, ಅದರೊಳಗೆ ಕೋಲು ತೂರಿಸಿ ತೂಗುಹಾಕಲಿ. ಮೂಲೆಯಲ್ಲಿ ನಿನ್ನ ಹೆಸರು, ವರ್ಷ, ಯಾರ ಸೀರೆ ಅನ್ನುವುದನ್ನು ದಾರದಿಂದಲೇ ಹೊಲಿದುಬಿಡು. ಚೀಟಿ ಬಿದ್ದುಹೋದರೂ ಅದು ಬೀಳುವುದಿಲ್ಲ.

ಅಯ್ಯೋ, ನೀನು ಕೇಳಿದ್ದು ಈಗ ಏನು ಮಾಡಲಿ ಅಂತ ಅಲ್ವಾ! ಕೌದಿ ಇನ್ನೂ ಬಕೆಟ್ಟಿನಲ್ಲೇ ಇದೆಯಾ? ಇದ್ದರೆ ಒಳ್ಳೆಯದಾಯಿತು. ಒಣಗಲು ಬಿಡಬೇಡ. ಬಿಸಿಲಿಗೆ ಹಾಕಬೇಡ, ಇಸ್ತ್ರಿಯಂತೂ ಮುಟ್ಟಿಸಲೇಬೇಡ.

ಆ ಬಕೆಟ್ ಸಣ್ಣದು. ದೊಡ್ಡ ಟಬ್ ತಗೋ. ಕೌದಿ ಸಡಿಲವಾಗಿ ಮುಳುಗುವಷ್ಟು ನೀರು ಬೇಕು. ಕೆಂಪು ನೀರು ಚೆಲ್ಲಿ ಹೊಸ ನೀರು ಹಾಕು. ನಿನ್ನದರಲ್ಲೂ ಖಣ ಇದೆ, ಅದರಲ್ಲಿ ರೇಷ್ಮೆ ಎಳೆ ಇರಬಹುದು, ಕುದಿಯುವ ನೀರು ಬೇಡ, ಉಗುರುಬೆಚ್ಚಗೆ ಸಾಕು. ಪಾತ್ರೆ ತಿಕ್ಕುವ ಲಿಕ್ವಿಡ್ ಎರಡು ಮೂರು ಚಮಚ ಕಲಸು. ಬಿಟ್ಟ ಬಣ್ಣವನ್ನು ಅದು ನೀರಿನಲ್ಲೇ ಹಿಡಿದಿಡುತ್ತದೆ, ಮತ್ತೆ ಬಟ್ಟೆಗೆ ಕೂರಲು ಸುಲಭಕ್ಕೆ ಬಿಡುವುದಿಲ್ಲ. ಮೇಲೆ ತಟ್ಟೆ ಇಟ್ಟು ಪೂರ್ತಿ ಮುಳುಗಿಸಿ ರಾತ್ರಿಯಿಡೀ ಬಿಡು. ಒಂದು ತುದಿ ಹೊರಗೆ ಇದ್ದರೂ ಬಣ್ಣ ಅಲ್ಲಿಗೆ ಏರಿ ಒಣಗುತ್ತದೆ. ಬೆಳಿಗ್ಗೆ ಗಾಜಿನ ಲೋಟದಲ್ಲಿ ಆ ನೀರು ತೆಗೆದು ಬಿಳಿ ಹಾಳೆಯ ಮುಂದೆ ಹಿಡಿದು ನೋಡು. ಗುಲಾಬಿ ಕಂಡರೆ ನೀರು ಬದಲಿಸಿ ಮತ್ತೆ ನೆನೆಹಾಕು. ಮೂರು ಸಲ ಆಗಬಹುದು, ನಾಲ್ಕೂ ಆಗಬಹುದು. ಬಿಟ್ಟ ಬಣ್ಣ ಹೋದ ಮೇಲೆ ಬಿಳಿಯ ಮೇಲಿನದೂ ಬಹಳಷ್ಟು ಇಳಿಯುತ್ತದೆ.

ಉಪ್ಪು, ವಿನೆಗರ್ ಹಾಕು ಅಂತ ಹಾವೇರಿ ಅಕ್ಕ ಮೇಲೆ ಬರೆದಿದ್ದಾಳೆ. ಅಕ್ಕಾ, ಬೇಜಾರಾಗಬೇಡ. ಬಣ್ಣ ಹಾಕುವ ಹಂಡೆಯಲ್ಲಿ ಉಪ್ಪು ಕೆಲಸಕ್ಕೆ ಬರುತ್ತದೆ. ಬಿಡುತ್ತಿರುವ ಬಣ್ಣವನ್ನು ಅದು ಕಟ್ಟುವುದಿಲ್ಲ, ನಾನು ಮಾಡಿ ನೋಡಿದ್ದೇನೆ.

ಲೋಟದ ನೀರು ತಿಳಿಯಾದ ಮೇಲೆ ತಿರುಚಿ ಹಿಂಡಬೇಡ, ಟವೆಲ್ಲಿನಲ್ಲಿ ಸುತ್ತಿ ಒತ್ತು. ನೆರಳಲ್ಲಿ ಹೊರಸಿನ ಮೇಲೆ ಬಿಳಿ ಬಟ್ಟೆ ಹಾಸಿ ಅದರ ಮೇಲೆ ಹರವು. ಇವತ್ತು ಸೋಮವಾರ, ರವಿವಾರದೊಳಗೆ ಮುಗಿಯುತ್ತದೆ.

ನಿಮ್ಮ ಓಣಿಗೆ ನಳ ಯಾವತ್ತು ಬರುತ್ತದೆ? ಇಷ್ಟು ನೀರು ಬೇಕಲ್ಲ. ಸಾಲದಿದ್ದರೆ ಕೌದಿಯನ್ನು ಒದ್ದೆ ಇದ್ದಂತೆಯೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಧಾರವಾಡಕ್ಕೆ ಬಾ. ನಿನ್ನೆಯೇ ನಳ ಬಂದಿದೆ, ನಮ್ಮ ಟಾಕಿ ತುಂಬಿದೆ. ದೊಡ್ಡ ಟಬ್ ಈಗಲೇ ತೊಳೆದು ಇಡುತ್ತೇನೆ.